ರೆಫ್ಯೂಟ್ ಮೇಷ್ಟ್ರು

ಹೊಸದುರ್ಗದಲ್ಲಿ ತಿಪ್ಪೇರುದ್ರಪ್ಪ ಎಂದರೆ ಯಾರಿಗೂ ತಿಳಿಯುವುದಿಲ್ಲ. ರೆಫ್ಯೂಟ್ ಮೇಷ್ಟ್ರು ಎಂದರೆ ಬಸ್‌ಸ್ಟ್ಯಾಂಡಿನ ಆಟೋದವರೂ ಮನೆ ತೋರಿಸುತ್ತಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬರೀ ಅಲ್ಲಗಳೆದರೆ ಅದು ರೆಫ್ಯೂಟ್ ಅಲ್ಲ, ಪುರಾವೆ ಕೊಟ್ಟು ಸುಳ್ಳೆಂದು ತೋರಿಸಬೇಕು ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು. ಲ್ಯಾಟಿನ್ನಿನ ‘ರೆಫ್ಯೂಟಾರೆ’ಯಿಂದ ಬಂದ ಪದ, ಹಿಂದಕ್ಕೆ ಅಟ್ಟುವುದು, ತಡೆಯುವುದು ಎಂದು ಅರ್ಥ. ಅದರ ಬೇರಿನಲ್ಲಿ ಹೊಡೆತವಿದೆ ಎಂಬುದು ಪಂಡಿತರ ಊಹೆ. ಒಡಹುಟ್ಟಿದ ಇನ್ನೊಂದು ಪದ ‘ಕನ್‌ಫ್ಯೂಟ್’. ಉಕ್ಕುವ ಎಸರನ್ನು ತಣ್ಣೀರು ಹಾಕಿ ಅಡಗಿಸುವುದೇ ಅದರ ಮೂಲ ಎನ್ನುವವರಿದ್ದಾರೆ. ಮೇಷ್ಟ್ರಿಗೆ ಹೊಡೆತದ ಪದವೇ ಇಷ್ಟ.

ಮನೆಯಲ್ಲೂ ಅವರು ಹಾಗೆಯೇ. ಈ ಬೇಸಿಗೆಯಲ್ಲಿ ರಾಮಗಿರಿಯಲ್ಲಿ ತಂಗಿ ದಾಕ್ಷಾಯಣಮ್ಮನ ಮೊಮ್ಮಗನಿಗೆ ಹೆಸರಿಟ್ಟ ದಿನ, ಅವಳು ನೆಂಟರ ಮುಂದೆ, ಚಿಕ್ಕಂದಿನಲ್ಲಿ ಅಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ರಾಮಗಿರಿ ಬೆಟ್ಟ ಹತ್ತಿದ್ದನ್ನು ಹೇಳುತ್ತಿದ್ದಳು. ಮೇಷ್ಟ್ರು ತಡೆದರು. ಆ ವರ್ಷ ಅಪ್ಪ ಕಾಲು ಮುರಿದುಕೊಂಡು ಮಲಗಿದ್ದರು, ಹೊತ್ತವರು ಚಿಕ್ಕಪ್ಪ ಕೆಂಚಪ್ಪ ಎಂದರು. ಅಲ್ಲೇ ಕುಳಿತಿದ್ದ ಮುದುಕ ಕೆಂಚಪ್ಪ ಹೌದೆಂದು ತಲೆಯಾಡಿಸಿದರು. ದಾಕ್ಷಾಯಣಮ್ಮ ಎದ್ದು ಒಳಗೆ ಹೋದಳು. ಆಮೇಲೆ ಅಣ್ಣನ ಫೋನು ಎತ್ತಲಿಲ್ಲ.

ಪಂಚಮಿ ಹಬ್ಬ ಬಂತು. ಅಣ್ಣ ಹೋಗಿ ಕರೆಯಬೇಕು, ತಂಗಿ ತವರಿಗೆ ಬರಬೇಕು. ಕರೆದರೂ ಬಾರದಿದ್ದರೆ ತವರು ಮುಗಿದಂತೆ. ಮೇಷ್ಟ್ರು ಅಂಜುತ್ತಲೇ ಬಸ್ಸು ಹತ್ತಿದರು.

ದಾಕ್ಷಾಯಣಮ್ಮ ಕುಡಿಯಲು ನೀರು ಕೊಟ್ಟಳು. ಬರುತ್ತೇನೆ ಎನ್ನಲಿಲ್ಲ.

“ನಾನು ಹೇಳಿದ್ದು ಸುಳ್ಳಲ್ಲ ಕಣವ್ವ,” ಎಂದರು ಮೇಷ್ಟ್ರು. “ಹೇಳಬಾರ್ದಿತ್ತು, ಅಷ್ಟೆ.”

“ಸುಳ್ಳು ಅಂತ ನಾನೆಲ್ಲಿ ಅಂದೆ? ಅಪ್ಪನ ಹೆಗಲು ಅಂತ ನಂಗಿದ್ದಿದ್ದು ಅದೊಂದೇ. ಅದನ್ನೂ ಕಿತ್ಕಂಡು ಹೋದೆ. ಬದ್ಲಿಗೆ ಕೊಡಾಕೆ ಏನಾರ ಐತೇನು ನಿನ್ ತಾವ?”

ಮೇಷ್ಟ್ರು ಚಿಕ್ಕಂದಿನಲ್ಲೇ ಇನ್ನೊಂದು ವರ್ಷ ಅಪ್ಪನ ಜೊತೆ ಹಾಲುರಾಮೇಶ್ವರದ ಗುಡಿಗೆ ಹೋಗಿದ್ದನ್ನು ಹೇಳಿದರು. ಬಸ್ಸು ತಪ್ಪಿ ಎಲ್ಲರೂ ಬಿಸಿಲಲ್ಲಿ ನಡೆದು ಬರುತ್ತಿದ್ದರು. ತನ್ನನ್ನು ಎತ್ತಿಕೋ ಎಂದು ಇವರು ಎಷ್ಟು ಅತ್ತರೂ ಅಪ್ಪ ತಂಗಿಯನ್ನೇ ಹೆಗಲ ಮೇಲೆ ಹೊತ್ತರು. ಅವಳು ಅಪ್ಪನ ತಲೆಗೆ ಕೆನ್ನೆ ಆನಿಸಿ ನಿದ್ದೆ ಹೋಗಿದ್ದಳು. ಅದಕ್ಕೇ ಅವಳಿಗೆ ನೆನಪಿಲ್ಲ.

“ಪುರಾವೆ?” ಎಂದಳು ದಾಕ್ಷಾಯಣಮ್ಮ.

“ನಂಗೆ ಇವತ್ತಿಗೂ ಹೊಟ್ಟೆ ಉರೀತೈತೆ. ಸಾಲ್ದಾ?”

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಸಾಕು ಬಿಡು. ಮುದ್ದೆ ಉಂಡ್ಕಂಡು ಹೋಗಾಣ,” ಎಂದು ಸೀರೆಗಳನ್ನು ಚೀಲಕ್ಕೆ ತುಂಬಲು ಒಳಗೆ ಹೋದಳು.