ನಕ್ಕೋ ಅಂದದ್ದಕ್ಕೆ ಉಳಿದ ಬಣ್ಣ

ಆ ಬೆಳಿಗ್ಗೆ ಆರ್.ಟಿ. ನಗರದ ನಮ್ಮ ಶೆಡ್ಡಿನ ಮುಂದೆ, ಹೊಂಗೆಮರದ ನೆರಳಲ್ಲಿ ಮೂವರಿದ್ದೆವು: ಕಾರುಗಳಿಗೆ ಬಣ್ಣ ಹೊಡೆಯುತ್ತಲೇ ತಲೆ ನರೆಸಿಕೊಂಡಿದ್ದ ಉಸ್ತಾದರು, ಅವರ ಜೊತೆ ಕೆಲಸಕ್ಕಿದ್ದ ನಾನು, ಮತ್ತು ಶೆಡ್ಡಿನ ಜಾಗದ ಯಜಮಾನರು. ಎದುರಿಗೆ ಯಜಮಾನರ ಕರಿಯ ಫಿಯಟ್ಟು. ಎಂಬತ್ತರ ದಶಕ ಇನ್ನೂ ಹೊಸದು. ಬಟ್ಟೆ ಹಿಡಿದು ಕೈಯಲ್ಲೇ ಉಜ್ಜುತ್ತಿದ್ದ ನಾವು ಆಗಷ್ಟೇ ಪಾಲಿಶ್ ಮಷೀನು ತಂದಿದ್ದೆವು.

ಮರುದಿನ ಯಜಮಾನರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಯಶವಂತಪುರ ಸ್ಟೇಷನ್ನಿನಿಂದ ಅವರನ್ನು ಕರೆತರಬೇಕಾದ್ದು ಇದೇ ಕಾರು.

"ನೋಡಿ ಸಾಬ್ರೆ, ಕನ್ನಡಿ ಇದ್ದಂಗಿರ್ಬೇಕು. ಬಣ್ಣ ಗಿಣ್ಣ ಕಿತ್ಕಂಡ್ ಬಂತೋ, ಶೆಡ್ಡಿನ ಬೀಗ ನನ್ ಕೈಗೆ ಕೊಟ್ಟು ಒಂಟೋಗ್ತಾ ಇರಿ."

ಅವರು ಅಂದರೆ ಅಂದಂತೆಯೇ. ಪಕ್ಕದ ಸೈಕಲ್ ಶಾಪಿನವನನ್ನು ಹೀಗೇ ಎಬ್ಬಿಸಿದ್ದರು.

"ನಮ್ ಹೊಟ್ಟೆ ಮೇಲೆ ನಾವೇ ಮಷೀನ್ ಇಡ್ತೀವಾ ಯಜಮಾನ್ರೆ?" ಎಂದರು ಉಸ್ತಾದರು.

ಮಷೀನಿನ ಉಣ್ಣೆ ಬಿಲ್ಲೆಯಲ್ಲಿ ಒಂದು ಮರಳ ಕಣ ಸಿಕ್ಕಿದರೂ ಬಾನೆಟ್ಟಿನ ತುಂಬ ಗೀರು ಎಂದು ಮೊದಲು ಚೆನ್ನಾಗಿ ತೊಳೆಸಿದರು. ತಗಡಿನ ಏಣುಗಳ ಮೇಲೆ ಬಣ್ಣ ತೆಳ್ಳಗೆ ಕೂತಿರುತ್ತದೆ. ಅಲ್ಲೆಲ್ಲ ಕಾಗದದ ಟೇಪು ಅಂಟಿಸಿದೆವು. ಮಷೀನು ಓಡಿಸುತ್ತ ಉಸ್ತಾದರು ಆಗಾಗ ಕೈ ಹಿಂಭಾಗವನ್ನು ತಗಡಿಗೆ ತಾಗಿಸುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಬಿಸಿ ಎನಿಸಿದರೆ ಆ ಜಾಗ ಬಿಟ್ಟು ಮುಂದಕ್ಕೆ.

ನೋಡುತ್ತ ನಿಂತಿದ್ದ ಯಜಮಾನರಿಗೆ ತಡೆಯಲಾಗಲಿಲ್ಲ. "ಕೊಡಿ ಇಲ್ಲಿ, ನಾನೂ ಒಂದ್ ಕೈ ನೋಡ್ತೀನಿ. ಇಂಗೆ ಬೆಣ್ಣೆ ಸವರ್ದಂಗೆ ಸವರಿದ್ರೆ ಒಳಪು ಎಲ್ಲಿಂದ ಬತ್ತದೆ?"

ಜಾಗದ ಯಜಮಾನರಿಗೆ ಇಲ್ಲ ಎನ್ನುವವರು ಯಾರು? ಹೆಬ್ಬಾಳದ ಕೆರೆ ಕೆಳಗಿನ ಹೊಲ ಉತ್ತ ಕೈ ಅದು. ಮಷೀನಿನ ಹಿಡಿ ಸಿಕ್ಕಿದ್ದೇ ನೇಗಿಲ ಮೇಣಿ ಸಿಕ್ಕಂತಾಯಿತು: ಕಾಲು ಊರಿ, ಮೈಭಾರವನ್ನೆಲ್ಲ ಬಿಟ್ಟು ಅದುಮಿದರು. ಅದುಮಿದರೇ ನೆಲ ಏಳುವುದು ಎಂದು ಕಲಿತವರಲ್ಲವೇ! ಮಷೀನು ನಿಂತಲ್ಲೇ ಗಿರಗಿರ ತಿರುಗಿತು. ಸೀದ ವಾಸನೆ ಬಂತು.

"ದಬಾವ್ ನಕ್ಕೋ ಯಜಮಾನ್ರೆ! ನಕ್ಕೋ! ನಕ್ಕೋ!"

ಉಸ್ತಾದರ ಮನೆಮಾತಿನಲ್ಲಿ ಅದು ಒತ್ತಬೇಡಿ, ಬೇಡ, ಬೇಡ ಎಂದು. ಗಾಬರಿಯಲ್ಲಿ ಕನ್ನಡ ಹೊರಡಲಿಲ್ಲ. ಆ ಸದ್ದಿನಲ್ಲಿ ಯಜಮಾನರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮಷೀನನ್ನು ಮೇಲೆತ್ತಿ, ಕೆಂಗಣ್ಣು ಬಿಟ್ಟು ತಿರುಗಿದರು.

"ನನ್ ಜಾಗ್ದಲ್ಲಿ ನಿಂತ್ಕಂಡು ನನಗೇ ನಕ್ಕೋ ಅಂತೀರಾ? ಯಾರ್ನ ಕಂಡು ನಕ್ಕೊಳ್ಳಾನ?"

ಅಷ್ಟರಲ್ಲಿ ನಾನು ಪ್ಲಗ್ಗು ಕಿತ್ತೆ. ಉಸ್ತಾದರು ಅವರ ಕೈ ಹಿಡಿದು ಬಾನೆಟ್ಟಿಗೆ ಮುಟ್ಟಿಸಿದರು. ಯಜಮಾನರು ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು. "ಅಬ್ಬಬ್ಬ! ಎಂಚು!"

ತಗಡು ತಣ್ಣಗಾದ ಮೇಲೆ ಒರೆಸಿ ನೋಡಿದೆವು. ಅಲ್ಲಿ ಮಂಕು ಕವಿದಿತ್ತು, ಬಣ್ಣ ಮಾತ್ರ ಉಳಿದಿತ್ತು. ಇನ್ನೊಂದು ಗಳಿಗೆ ಹಾಗೇ ಅದುಮಿದ್ದರೆ ತಗಡೇ ಕಾಣುತ್ತಿತ್ತು. ಆ ಜಾಗವನ್ನು ಉಸ್ತಾದರು ಮೆತ್ತನೆ ಬಟ್ಟೆಯಲ್ಲಿ, ಕೈಯಿಂದಲೇ, ಸಂಜೆಯವರೆಗೂ ತೀಡಿ ಹೊಳಪು ತಂದರು. ಯಜಮಾನರು ಅಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. "ನಾನು ಬರೀ ಕಣ್ಣಲ್ಲಿ ನೋಡ್ತೀನಪ್ಪ," ಎನ್ನುತ್ತ ಮನೆಯಿಂದ ಕಾಫಿ ತರಿಸಿದರು.

ಇಬ್ಬರನ್ನೂ ನೆನೆದರೆ ಇವತ್ತಿಗೂ ಮನಸ್ಸು ತುಂಬುತ್ತದೆ. ಒಬ್ಬರು ಹಂಗಿಸಲಿಲ್ಲ, ಇನ್ನೊಬ್ಬರು ತಮ್ಮ ಕೈಯ ತಪ್ಪನ್ನು ನಮ್ಮ ತಲೆಗೆ ಕಟ್ಟಲಿಲ್ಲ. ನಾನು ಮಕ್ಕಳನ್ನು ಸಾಕಿದ್ದು ಆ ಶೆಡ್ಡಿನಲ್ಲಿ ಕಲಿತ ವಿದ್ಯೆಯಿಂದ.

ಮರುದಿನ ಗಂಡಿನವರು ಆ ಕಾರಿನಲ್ಲೇ ಬಂದರು. ಮಗಳ ಮದುವೆ ಮುಗಿದ ಬೇಸಿಗೆಯಲ್ಲಿ ಯಜಮಾನರು ಗಾರೆಯವರನ್ನು ಕರೆಸಿ, ನಾವು ಕೇಳದೆಯೇ, ಶೆಡ್ಡಿನ ಮಣ್ಣು ನೆಲಕ್ಕೆ ಸಿಮೆಂಟು ಹಾಕಿಸಿಕೊಟ್ಟರು.