ಬಂಕರಿಗೆ ಇಳಿಬಿಟ್ಟ ದೀಪ

ಗೆಳೆಯರೇ, ಇವತ್ತು ಅಂಡಮಾನಿನಲ್ಲಿ ಭಾರೀ ಮಜಾ! ಯುದ್ಧಕಾಲದಲ್ಲಿ ಸೈನಿಕರು ಬಾಂಬಿಗೆ ಹೆದರಿ ಅವಿತಿದ್ದ ನೆಲದಡಿಯ ಬಂಕರು ಈಗ ಮ್ಯೂಸಿಯಂ. ಮಳವಳ್ಳಿಯಿಂದ ಟೂರ್ ಬಂದ ನಾವೆಲ್ಲ ಮೊಬೈಲ್ ಹಿಡಿದು ನುಗ್ಗುವಷ್ಟರಲ್ಲಿ ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು.

"ದೀಪ ಬುಡ್ದೆ ಯಾರೂ ಇಳೀಬ್ಯಾಡಿ ಕಣ್ರಲಾ! ಅಗೇವಲ್ಲಿ ಗಾಳಿ ಕೆಟ್ಟು ಸತ್ತೋರ್ನ ನೋಡಿವ್ನಿ."

ರಾಗಿ ತುಂಬಿಡುವ ಹಗೇವಿನ ಗುಂಡಿಗೆ ಮೊದಲು ದೀಪ ಇಳಿಬಿಡುವುದು ನಮ್ಮೂರ ಪದ್ಧತಿ. ಅದು ಆರಿದರೆ ಯಾರೂ ಇಳಿಯುವುದಿಲ್ಲ.

"ಒಳಗೆ ಲೈಟ್ ಉರೀತಿದೆಯಲ್ಲಮ್ಮಾ," ಎಂದರು ನಮ್ಮ ಜೊತೆ ಬಂದಿದ್ದ ಮೈಸೂರಿನ ಗೈಡ್.

"ಕರೆಂಟು ಲೈಟು ಗಾಳಿ ಇಲ್ದಿದ್ರೂ ಉರೀತದೆ ಕಣಪ್ಪ!"

ಟೂರಿನವರೆಲ್ಲ ಅವ್ವನ ಕಡೆಗೇ ವಾಲಿದರು. ಕೊನೆಗೆ ಗೈಡ್ ಒಬ್ಬರೇ ಒಳಗಿಳಿದು, "ಏನೂ ಆಗಿಲ್ಲ, ಬನ್ನಿ!" ಎಂದು ಕೂಗಿದರು.

ಅವ್ವ ಸೆರಗು ಸಿಕ್ಕಿಸಿಕೊಂಡಳು. "ದೀಪ ಆರಿಲ್ಲ, ನಡೀರ್ಲಾ!"