ಭವ್ಯಶ್ರೀಯ ಸೊಪ್ಪಿನ ನಕ್ಷೆ

ಅಗರದ ಭವ್ಯಶ್ರೀ ಕಂಪ್ಯೂಟರ್ ಡಿಪ್ಲೊಮಾ ಓದಿ ಕೊಳ್ಳೇಗಾಲದಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ತಾಯಿ ಚನ್ನಾಜಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಮಲಗುವ ನಿದ್ದೆ, ಮುಗಿಸಿ ಪೊರೆ ಬಿಟ್ಟು ಎದ್ದ ಹುಳುವಿಗೆ ಎಷ್ಟು ಹಾಕಿದರೂ ಸಾಲದು. ಆಗ ಹಿಪ್ಪುನೇರಳೆ ಸೊಪ್ಪಿಗಾಗಿ ತಾಯಿ ಊರೂರು ತಿರುಗುವುದನ್ನು ಭವ್ಯಶ್ರೀ ಚಿಕ್ಕಂದಿನಿಂದ ನೋಡಿದ್ದಳು. ಯಾರ ತೋಟದಲ್ಲಿ ಸೊಪ್ಪು ಮಿಕ್ಕಿದೆ ಎಂದು ಮೊಬೈಲಿನ ನಕ್ಷೆಯಲ್ಲಿ ತೋರಿಸುವ ಆ್ಯಪ್ ಮಾಡಲು ಕೂತದ್ದು ಅದಕ್ಕೇ.

ಮೊದಲು ಮಾಡಿದ್ದರಲ್ಲಿ, ನಕ್ಷೆಯಲ್ಲಿ ತೋಟವಿರುವ ಕಡೆಯ ಕೆಂಪು ಗುರುತನ್ನು ಒತ್ತಿದರೆ ಬಿಳಿ ಚೌಕವೊಂದು ಮೇಲೆದ್ದು ತೋಟದವರ ಹೆಸರು ತೋರಿಸುತ್ತಿತ್ತು, ಅಷ್ಟೇ.

"ಬರೀ ಎಸರು ನೋಡಿದ್ರೆ ಸೊಪ್ಪು ಎಂಗದೆ ಅಂತ ಎಂಗವ್ವ ಗೊತ್ತಾಯ್ತದೆ?" ಎಂದರು ಚನ್ನಾಜಮ್ಮ. "ಓದಕ್ಕೆ ಬರ್ದೋರು ಏನ್ ಮಾಡ್ಬೇಕು?"

ಭವ್ಯಶ್ರೀಗೆ ಸಿಟ್ಟು ಬಂತು. ಊಟಕ್ಕೆ ಕೂತಾಗ ತಾಯಿಯ ಮಾತು ಸರಿ ಅನ್ನಿಸಿತು.

ನಕ್ಷೆಯ ಜೊತೆಗೇ ಬರುವ ಸಿದ್ಧ ಚೌಕ ಬಿಟ್ಟು ತನ್ನದೇ ಚೌಕ ಕಟ್ಟಿದಳು. ಸೊಪ್ಪಿನ ಫೋಟೊ, ಕಟಾವಿನ ದಿನ, ತೋಟದವರು ಮೊದಲೇ ಹೇಳಿಟ್ಟ ಮಾತು ಅವರದೇ ದನಿಯಲ್ಲಿ ಕೇಳಿಸುವ ಗುಂಡಿ. ನೋಡಲು ಚೆಂದವಾಗಿತ್ತು, ಗುಂಡಿ ಒತ್ತಿದರೆ ಸದ್ದಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ನಕ್ಷೆ ಆ ಚೌಕವನ್ನು ಬರೀ ಚಿತ್ರ ಮಾಡಿ ಅಂಟಿಸಿಬಿಡುತ್ತದೆ, ಚಿತ್ರದೊಳಗಿನ ಗುಂಡಿ ಒತ್ತಿ ಪ್ರಯೋಜನವಿಲ್ಲ. ಚೌಕವನ್ನು ನಕ್ಷೆಯ ಕೈಗೆ ಕೊಡದೆ ಅದರ ಮೇಲೆ ಬೇರೆಯಾಗಿಯೇ ಇಟ್ಟು, ಗುರುತಿನ ಜೊತೆ ಸರಿಯುವ ಹಾಗೆ ಮಾಡಿದಳು. ಒತ್ತಿದಾಗ ದನಿ ಬಂತು. ಚನ್ನಾಜಮ್ಮ ಮೂರು ಸಲ ಒತ್ತಿ ಕೇಳಿದರು.

ಕೆಲವು ವಾರಗಳ ಮೇಲೆ ಹನೂರು ಕಡೆಯ ಹೂಗ್ಯಂನಲ್ಲಿ ಪುಟ್ಟಮಲ್ಲಮ್ಮ ಎಂಬ ರೈತ ಹೆಂಗಸಿನ ಸೊಪ್ಪಿನ ತೋಟಕ್ಕೆ ಆನೆ ನುಗ್ಗಿ ಅರ್ಧ ತುಳಿದುಹಾಕಿತು. ಅವರು ಸಾಕಿದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೂ ಮೂರು ದಿನವಿತ್ತು. ಅಕ್ಷರ ಬಾರದ ಪುಟ್ಟಮಲ್ಲಮ್ಮ, ಸೊಸೆ ಹಾಕಿಕೊಟ್ಟಿದ್ದ ಆ್ಯಪ್ ತೆರೆದು ಒಂದೊಂದೇ ಗುರುತು ಒತ್ತುತ್ತ ಹೋದರು. ಮೂರನೆಯದರಲ್ಲಿ ದಪ್ಪ ಹಸಿರೆಲೆ ಕಂಡಿತು. ಗುಂಡಿ ಒತ್ತಿದರು.

"ನಾನು ಮಾದಸ್ವಾಮಿ ಕಣ್ರಿ. ಸೊಪ್ಪು ಬೇಕಾದಷ್ಟದೆ, ಬಂದು ಕುಯ್ಕಳಿ."

ದಾರಿಯನ್ನೂ ಆ ದನಿಯೇ ಹೇಳಿತು. ಎಂಟು ಕಿಲೋಮೀಟರ್ ಆಚೆಯ ತೋಟ. ಸಂಜೆಯೊಳಗೆ ಗೂಡ್ಸ್ ಆಟೊ ತುಂಬ ಸೊಪ್ಪು ಬಂತು. ಮೂರು ದಿನ ಕಳೆದು ಹುಳುಗಳೆಲ್ಲ ಗೂಡು ಕಟ್ಟಿದವು.

ಗೂಡು ಮಾರಲು ಕೊಳ್ಳೇಗಾಲಕ್ಕೆ ಬಂದ ದಿನ ಪುಟ್ಟಮಲ್ಲಮ್ಮ ಭವ್ಯಶ್ರೀಯ ಅಂಗಡಿ ಹುಡುಕಿಕೊಂಡು ಬಂದರು.

"ಸೊಪ್ಪು ತೋರ್ಸೋ ಉಡ್ಗಿ ನೀನೇನವ್ವ? ತೋಟ ಚಿಗುರ್ಕಂಡ್ರೆ ಅದ್ರಲ್ಲಿ ನಂದೂ ಆಕು. ನಾನೇ ಮಾತಾಡ್ತೀನಿ."

ಭವ್ಯಶ್ರೀ ನಗುತ್ತ ಮೊಬೈಲ್ ಹಿಡಿದಳು. ಪುಟ್ಟಮಲ್ಲಮ್ಮ ಸೆರಗು ಸರಿಮಾಡಿಕೊಂಡು ತಮ್ಮ ಹೆಸರು, ಊರು, ಬರುವ ದಾರಿ ಎಲ್ಲ ಹೇಳಿ, "ಸೊಪ್ಪು ತಕಂಡೋಗೋರು ನಮ್ಮನೇಲಿ ಊಟ ಮಾಡ್ಕಂಡೇ ಓಗ್ಬೇಕು" ಎಂದು ಸೇರಿಸಿದರು. ಮೂರು ನಿಮಿಷವಾಯಿತು. ಭವ್ಯಶ್ರೀ ಅದರಲ್ಲಿ ಒಂದು ಮಾತನ್ನೂ ಕತ್ತರಿಸಲಿಲ್ಲ.